ನೀರೊಳಗಿನ ಕ್ಯಾಮೆರಾ ಬದಲಿಸಲೋ, ಇದ್ದದ್ದರಲ್ಲೇ ಸಾಗಲೋ?

ಉಪ್ಪುನೀರು:
ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು. ಮನೆಯವರು ಕೇಳಿ ಕೇಳಿ ಸಾಕಾಗಿ ಎದ್ದು ಹೋಗುತ್ತಿದ್ದಾರೆ. ಇನ್ನು ನಿಮ್ಮ ಸರದಿ.

ನನ್ನದು ಮೈಕ್ರೋ ಫೋರ್ ಥರ್ಡ್ಸ್ ಕ್ಯಾಮೆರಾ, ಅಂದರೆ ಬೆಳಕು ಹಿಡಿಯುವ ಸೆನ್ಸರ್ ಚಿಕ್ಕದು. 2015ರ ಮಾದರಿ, 16 ಮೆಗಾಪಿಕ್ಸೆಲ್. ಅದಕ್ಕೆ ನೀರು ನುಗ್ಗದ ಅಲ್ಯೂಮಿನಿಯಂ ಪೆಟ್ಟಿಗೆ, ಅಂದರೆ ಹೌಸಿಂಗ್. ಸಣ್ಣದನ್ನು ಹತ್ತಿರದಿಂದ ತೆಗೆಯುವ 60 ಎಂಎಂ ಮ್ಯಾಕ್ರೋ ಲೆನ್ಸಿಗೆ ಹೌಸಿಂಗ್ ಮುಂದೆ ಕೂರುವ ಚಪ್ಪಟೆ ಗಾಜಿನ ಒಂದು ಫ್ಲ್ಯಾಟ್ ಪೋರ್ಟ್, ಅಗಲ ನೋಟದ 8 ಎಂಎಂ ಫಿಶ್‌ಐಗೆ ಉಬ್ಬು ಗಾಜಿನ ಒಂದು ಡೋಮ್. ಸ್ಟ್ರೋಬ್ (ನೀರೊಳಗಿನ ಫ್ಲ್ಯಾಶ್) ಎರಡು, ಅದರಲ್ಲಿ ಒಂದಕ್ಕೆ ವಯಸ್ಸಾಗಿದೆ. ಎಂಟು ವರ್ಷ ಇದೇ ಸೆಟ್ ಹಿಡಿದು ಇಳಿದಿದ್ದೇನೆ. ಗುಂಡಿಗಳೆಲ್ಲ ಬೆರಳಿಗೆ ಬಾಯಿಪಾಠ.

ಕಷ್ಟ ಏನಂದ್ರೆ, ಬೆಳಕು ಸ್ವಲ್ಪ ಕಡಿಮೆಯಾದರೂ ಫೋಕಸ್ ಹಿಂದೆ ಮುಂದೆ ಓಡಾಡುತ್ತದೆ. ಅದು ಒಂದು ಕಡೆ ನಿಲ್ಲುವಷ್ಟರಲ್ಲಿ ಸೀಗಡಿ ಬಿಲ ಸೇರಿರುತ್ತದೆ. ಹೋದ ಸಲ ಜೊತೆಗಿದ್ದವರ ಕೈಯಲ್ಲಿ 45 ಮೆಗಾಪಿಕ್ಸೆಲ್‌ನ ದೊಡ್ಡ ಸೆನ್ಸರ್ ಇರುವ ಫುಲ್ ಫ್ರೇಮ್ ಮಿರರ್‌ಲೆಸ್ ಇತ್ತು. ಅದೇ ಆಮೆ, ಅದೇ ನೀರು, ಇಬ್ಬರೂ ತೆಗೆದೆವು. ರಾತ್ರಿ ಲ್ಯಾಪ್‌ಟಾಪಿನಲ್ಲಿ ಅವರದ್ದನ್ನು ನೋಡಿದ ಮೇಲೆ ನನ್ನ ಕಾರ್ಡನ್ನು ಚೀಲದಿಂದ ಹೊರಗೇ ತೆಗೆಯಲಿಲ್ಲ.

ಆದರೆ ಲೆಕ್ಕ ಹಾಕಲು ಕೂತರೆ ಎದೆ ಧಸಕ್ಕೆನ್ನುತ್ತದೆ. ಕ್ಯಾಮೆರಾ ಬದಲಾದರೆ ಹೌಸಿಂಗ್ ಬದಲು. ಲೆನ್ಸ್ ಬದಲು. ಪೋರ್ಟ್ ಬದಲು. ಡೋಮ್ ಇನ್ನೂ ದೊಡ್ಡದು ಬೇಕು ಅಂತಾರೆ. ನೆಲದ ಮೇಲೆ ಕ್ಯಾಮೆರಾ ಬದಲಿಸುವುದು ಚಪ್ಪಲಿ ಬದಲಿಸಿದ ಹಾಗೆ. ಇಲ್ಲಿ ಚಪ್ಪಲಿ ಬದಲಿಸಲು ಹೋದರೆ ಮನೆ ಬಾಗಿಲನ್ನೂ ಕಿತ್ತು ಹಾಕಬೇಕು. ಏನು ಮಾಡಲಿ?

ಅಗಲಕಣ್ಣು:
ಬದಲಿಸಿ. ನಾನು ಎರಡು ವರ್ಷದ ಹಿಂದೆ ಇದೇ ಹೊಳೆ ದಾಟಿದವನು.

ಸೂರ್ಯನನ್ನು ಚಿತ್ರದೊಳಗೇ ಇಟ್ಟು, ಮುಂದೆ ಹವಳ ಇಟ್ಟು ತೆಗೆಯುತ್ತೇವಲ್ಲ, ಅಂಥ ಚಿತ್ರ ನನಗೆ ಪ್ರಾಣ. ಹಳೇ ಕ್ಯಾಮೆರಾದಲ್ಲಿ ಸೂರ್ಯನ ಸುತ್ತ ಬಿಳಿ ತೇಪೆ ಹಚ್ಚಿದಂತೆ ಬರುತ್ತಿತ್ತು. ಈಗ ಕಿರಣಗಳು ಬಿಡಿಬಿಡಿಯಾಗಿ ಇಳಿಯುತ್ತವೆ. ನೆರಳಲ್ಲಿರುವ ಹವಳವನ್ನು ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ಎಷ್ಟು ಬೆಳಗಿಸಿದರೂ ಕಾಳು ಕಾಳಾಗುವುದಿಲ್ಲ. ಮೀನು ಪಕ್ಕಕ್ಕೆ ತಿರುಗಿದರೂ ಫೋಕಸ್ ಅದರ ಕಣ್ಣನ್ನು ಬಿಡುವುದಿಲ್ಲ. ಹತ್ತಿರ ಹೋಗಲಾಗದ ಮೀನನ್ನು ಆಮೇಲೆ ಕ್ರಾಪ್ ಮಾಡಬಹುದು.

ಒಂದು ಎಚ್ಚರಿಕೆ. ಈ ವರ್ಗದ ಕ್ಯಾಮೆರಾಗಳಲ್ಲಿ ಒಳಗಿನ ಪುಟ್ಟ ಫ್ಲ್ಯಾಶ್ ಇರುವುದಿಲ್ಲ. ಫೈಬರ್ ಆಪ್ಟಿಕ್ ಕೇಬಲ್‌ನಲ್ಲಿ ಸ್ಟ್ರೋಬ್ ಹೊಡೆಸಲು ಹೌಸಿಂಗ್ ಒಳಗೆ ಎಲ್‌ಇಡಿ ಟ್ರಿಗರ್ ಕೂರಿಸಬೇಕು. ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಳ್ಳಿ.

ಗುಳ್ಳೆಲೆಕ್ಕ:
ಅಗಲಕಣ್ಣು ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಒಂದು ವಿಷಯ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ. ಫುಲ್ ಫ್ರೇಮ್‌ನ ಲಾಭದ ಒಂದು ಭಾಗವನ್ನು ನೀರು ನುಂಗಿಬಿಡುತ್ತದೆ.

ಡೋಮ್ ಹಿಂದೆ ಕೂತ ಲೆನ್ಸ್ ನೋಡುವುದು ನಿಜವಾದ ಮೀನನ್ನಲ್ಲ. ಡೋಮ್ ಮತ್ತು ನೀರು ಸೇರಿ ಡೋಮ್ ಮುಂದೆಯೇ ಒಂದು ಮಿಥ್ಯಾ ಬಿಂಬ ಕಟ್ಟುತ್ತವೆ. ಎಷ್ಟೇ ದೂರದ ವಸ್ತುವಾದರೂ ಅದರ ಬಿಂಬ ಡೋಮ್‌ನ ಗಾಜಿನಿಂದ ಸುಮಾರು ಮೂರು ತ್ರಿಜ್ಯದಷ್ಟು ದೂರದಲ್ಲಿ ನಿಲ್ಲುತ್ತದೆ. ಡೋಮ್‌ನ ತ್ರಿಜ್ಯ 10 ಸೆಂ.ಮೀ. ಇದ್ದರೆ, ದೂರದ ಶಾರ್ಕ್ ಕೂಡ ಲೆನ್ಸಿನ ಪಾಲಿಗೆ ಗಾಜಿನಿಂದ 30 ಸೆಂ.ಮೀ. ಆಚೆ ಇದೆ. ಅದೂ ಚಪ್ಪಟೆಯಾಗಿ ಅಲ್ಲ, ಬಾಗಿದ ಬಿಂಬ. ಹಾಗಾಗಿ ನಡುವೆ ಫೋಕಸ್ ಆದರೆ ಮೂಲೆಗಳು ಮಸುಕು. ಮೂಲೆ ಸರಿಮಾಡಲು ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಂಡಿ, ಕಿರಿದಾಗಿಸಬೇಕು (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಂಡಿ ಕಿರಿದು). ಡೋಮ್ ಸಣ್ಣದಾದಷ್ಟೂ ಈ ಕಾಟ ಜಾಸ್ತಿ. ಫಿಶ್‌ಐ ಲೆನ್ಸ್ ಇದನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ನೇರ ಗೆರೆ ನೇರವಾಗೇ ತೋರಿಸುವ ವೈಡ್ ಲೆನ್ಸ್ ತಡೆಯುವುದಿಲ್ಲ.

ಈಗ ಲೆಕ್ಕ. ನಿಮ್ಮ ಕ್ಯಾಮೆರಾದಲ್ಲಿ ಎಫ್ 5.6ಕ್ಕೆ ಸಿಗುವ ಫೋಕಸ್ ಆಳ ಫುಲ್ ಫ್ರೇಮ್‌ನಲ್ಲಿ ಬೇಕಾದರೆ ಎಫ್ 11ಕ್ಕೆ ಹೋಗಬೇಕು. ಅಂದರೆ ಎರಡು ಸ್ಟಾಪ್, ಬೆಳಕು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಐಎಸ್‌ಒ (ಸೆನ್ಸರ್‌ನ ಬೆಳಕಿನ ಸೂಕ್ಷ್ಮತೆ) 200 ಇದ್ದದ್ದು 800 ಆಗಬೇಕು, ಇಲ್ಲವೇ ಸ್ಟ್ರೋಬ್ ನಾಲ್ಕು ಪಟ್ಟು ಬೆಳಕು ಕೊಡಬೇಕು. ಐಎಸ್‌ಒ ಏರಿಸಿದರೆ ದೊಡ್ಡ ಸೆನ್ಸರ್‌ನಿಂದ ಗಳಿಸಿದ್ದು ಅಲ್ಲಿಗೇ ಹೋಯ್ತು. ಸ್ಟ್ರೋಬ್‌ಗೆ ಆ ದಮ್ಮಿದ್ದರೆ ಗೆದ್ದಿರಿ. ನಿಮ್ಮ ವಯಸ್ಸಾದ ಸ್ಟ್ರೋಬ್‌ಗೆ ಇದೆಯಾ?

ಹಳೇರೀಲು:
ಚರ್ಚೆ ಓದಿ ಖುಷಿಯಾಯ್ತು. ನಾನು ನಿಕೋನಾಸ್ ಕಾಲದವನು. ಫ್ರೆಂಚ್ ಸಮುದ್ರ ಸಂಶೋಧಕ ಕೂಸ್ಟೋ ಅವರ ಬಳಗದಲ್ಲಿ ಹುಟ್ಟಿದ ಕ್ಯಾಲಿಪ್ಸೋ ಕ್ಯಾಮೆರಾವನ್ನು 1963ರಲ್ಲಿ ನಿಕಾನ್ ಆ ಹೆಸರಲ್ಲಿ ತಂದಿದ್ದು, 2001ರಲ್ಲಿ ನಿಲ್ಲಿಸಿದ್ದು. ಹೌಸಿಂಗೇ ಬೇಡದ ಕ್ಯಾಮೆರಾ. ನಾನು ಬಳಸಿದ್ದರಲ್ಲಿ ಆಟೋಫೋಕಸ್ ಇಲ್ಲ. ದೂರವನ್ನು ಕಣ್ಣಳತೆಯಲ್ಲಿ ಹೇಳಬೇಕು. ನೀರಲ್ಲಿ ಎಲ್ಲವೂ ಇರುವುದಕ್ಕಿಂತ ಹತ್ತಿರ ಕಾಣುತ್ತದೆ, ಅದನ್ನೂ ನೆನಪಿಡಬೇಕು. ರೀಲಿಗೆ 36 ಚಿತ್ರ. ಮುಗಿದರೆ ಮೇಲೆ ಬರಬೇಕು. 36ರಲ್ಲಿ ಎರಡು ಚೆನ್ನಾಗಿ ಬಂದರೆ ಅವತ್ತು ಹಬ್ಬ.

ಹಳೇ ಪುರಾಣ ಸಾಕು. ನಿಮಗೊಂದು ಕೆಲಸ ಕೊಡುತ್ತೇನೆ. ಕಳೆದ ಎರಡು ಪ್ರವಾಸದಲ್ಲಿ ನೀವು ಅಳಿಸಬೇಕು ಅಂದುಕೊಂಡ ಚಿತ್ರಗಳನ್ನು ತೆರೆಯಿರಿ. ಚೆನ್ನಾಗಿರುವುದನ್ನು ಮುಟ್ಟಬೇಡಿ. ಕೆಟ್ಟದ್ದನ್ನೇ ನೋಡಿ. ಒಂದೊಂದರ ಮುಂದೆ ಅದು ಯಾಕೆ ಕೆಟ್ಟಿತು ಅಂತ ಒಂದೇ ಪದ ಬರೆಯಿರಿ. ಫೋಕಸ್, ಬೆಳಕು, ದೂರ, ಕಸ, ಬಾಲ. ಬಾಲ ಅಂದರೆ ಮೀನು ತಿರುಗಿ ಹೊರಟ ಮೇಲೆ ಕ್ಲಿಕ್ಕಿಸಿದ್ದು. ಬರೆದು ಮುಗಿಸಿ ಇಲ್ಲಿ ಹಾಕಿ. ಆಮೇಲೆ ಮಾತಾಡೋಣ.

ಹೊಸಬ:
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಈಗಷ್ಟೇ ಶುರು ಮಾಡಿದ್ದು. ಇದನ್ನೆಲ್ಲ ಓದಿ ಭಯವಾಯ್ತು. ನನ್ನ ಹತ್ತಿರ ಒಲಿಂಪಸ್ ಟಿಜಿ-6 ಅನ್ನುವ ಪುಟ್ಟ ಕ್ಯಾಮೆರಾ ಇದೆ. ಸಾಲಲ್ವಾ?

ಗುಳ್ಳೆಲೆಕ್ಕ:
ಧಾರಾಳವಾಗಿ ಸಾಲುತ್ತದೆ. ಅದರ ಮೈಕ್ರೋಸ್ಕೋಪ್ ಮೋಡ್ 1 ಸೆಂ.ಮೀ. ದೂರದಿಂದಲೇ ಫೋಕಸ್ ಹಿಡಿಯುತ್ತದೆ. ನಮ್ಮ ದೊಡ್ಡ ಸೆಟ್‌ಗಳು ಅಷ್ಟು ಹತ್ತಿರ ಹೋಗಲು ಪರದಾಡುತ್ತವೆ. ಬರೀ ಕ್ಯಾಮೆರಾ 15 ಮೀಟರ್‌ವರೆಗೆ ಮಾತ್ರ, ಅದರಾಚೆಗೆ ಹೌಸಿಂಗ್ ಬೇಕೇ ಬೇಕು. ಮೊದಲು ಒಂದು ಸ್ಟ್ರೋಬ್ ಕೊಳ್ಳಿ. ಅದಕ್ಕೂ ಮೊದಲು ನೀರಲ್ಲಿ ಅಲುಗಾಡದೆ ತೇಲುವುದನ್ನು ಕಲಿಯಿರಿ.

ಇರುಳುಮುಳುಗು:
ಫೋಕಸ್ ಬಗ್ಗೆ ನನಗೆ ಹೇಳುವುದಿದೆ. ನಾನು ಹೆಚ್ಚಾಗಿ ಬ್ಲ್ಯಾಕ್‌ವಾಟರ್ ಡೈವ್ ಮಾಡುವವಳು. ರಾತ್ರಿ, ಕೆಳಗೆ ತಳವೇ ಕಾಣದ ಆಳದ ನೀರು, ದೋಣಿಯಿಂದ ಇಳಿಬಿಟ್ಟ ಹಗ್ಗಕ್ಕೆ ಕಟ್ಟಿದ ದೀಪಗಳು. ಕತ್ತಲಾದ ಮೇಲೆ ಆಳದಿಂದ ಮೇಲೇರಿ ಬರುವ ಮರಿಮೀನು, ಮರಿ ಆಕ್ಟೋಪಸ್‌ಗಳನ್ನು ತೆಗೆಯುವುದು. ಎಷ್ಟೋ ಮರಿಗಳು ಉಗುರಿನಷ್ಟೂ ಇರುವುದಿಲ್ಲ. ಮೈ ಗಾಜಿನ ಹಾಗೆ. ಅದೂ ತೇಲುತ್ತಿರುತ್ತದೆ, ನಾನೂ ತೇಲುತ್ತಿರುತ್ತೇನೆ. ಇಲ್ಲಿ ಫೋಕಸ್ ನಿಧಾನವಾದರೆ ಸುಮ್ನೆ ದೋಣಿಯಲ್ಲೇ ಕೂತಿರಬಹುದು.

ನನ್ನ ಕೈಯಲ್ಲಿರುವುದು 2016ರ ನಿಕಾನ್ ಡಿ500. ಹೊಸದಲ್ಲ, ಮಿರರ್‌ಲೆಸ್ ಅಲ್ಲ, ಫುಲ್ ಫ್ರೇಮೂ ಅಲ್ಲ. ಆದರೂ 60 ಎಂಎಂ ಮ್ಯಾಕ್ರೋ ಹಾಕಿದರೆ ಕತ್ತಲಲ್ಲಿ ಅದು ಹಿಡಿಯುವ ರೀತಿಗೆ ನಾನು ಇವತ್ತಿಗೂ ತಲೆದೂಗುತ್ತೇನೆ. ಹೇಳಹೊರಟಿದ್ದು ಇಷ್ಟೇ. ನಿಮಗೆ ಬೇಕಾಗಿರುವುದು ಒಳ್ಳೇ ಫೋಕಸ್ಸೋ, ದೊಡ್ಡ ಸೆನ್ಸರ್ರೋ? ಎರಡೂ ಒಂದೇ ಪೆಟ್ಟಿಗೆಯಲ್ಲಿ ಬರುವುದರಿಂದ ಎರಡೂ ಒಂದೇ ಅನ್ನಿಸುತ್ತದೆ. ಒಂದೇ ಅಲ್ಲ.

ಇನ್ನೊಂದು, ಕೇಳಲು ಸಂಕೋಚ. ನಿಮ್ಮ ಫೋಕಸ್ ದೀಪ ಎಂಥದ್ದು?

ಕಡಲ್ಗುದುರೆ:
ನಾನು ಬದಲಿಸಿ ಪಶ್ಚಾತ್ತಾಪ ಪಟ್ಟವಳು. ನನ್ನಂಥವರ ಮಾತೂ ಒಂದಿರಲಿ.

ಚಿತ್ರದ ಗುಣಮಟ್ಟದ ಬಗ್ಗೆ ತಕರಾರಿಲ್ಲ. ತಕರಾರು ಭಾರದ ಬಗ್ಗೆ. ದೊಡ್ಡ ಹೌಸಿಂಗ್, ದೊಡ್ಡ ಡೋಮ್, ಸ್ಟ್ರೋಬ್ ಹಿಡಿಯುವ ಉದ್ದ ಆರ್ಮ್, ಅದನ್ನು ತೇಲಿಸಲು ಫ್ಲೋಟ್. ನೀರಿಗಿಳಿದ ಮೇಲೆ ಭಾರ ಗೊತ್ತಾಗಲ್ಲ ಅಂತಾರೆ. ನಿಜ. ಆದರೆ ಗಾತ್ರ ಎಲ್ಲಿಗೆ ಹೋಗುತ್ತೆ? ಪ್ರವಾಹ ಇದ್ದರೆ ಬಾಗಿಲು ಹಿಡಿದು ಈಜಿದ ಹಾಗೆ. ಹವಳದ ಸಂದಿಯಲ್ಲಿ 2 ಸೆಂ.ಮೀ.ಯ ಪಿಗ್ಮಿ ಕಡಲ್ಗುದುರೆ ಕೂತಿರುತ್ತದೆ. ಅಲ್ಲಿಗೆ ಹಳೇ ಸೆಟ್ ತೂರುತ್ತಿತ್ತು, ಇದು ತೂರುವುದಿಲ್ಲ. ತೂರಿಸಲು ಹೋದರೆ ಆರ್ಮ್ ಹವಳಕ್ಕೆ ತಾಗುತ್ತದೆ. ಒಂದು ಚಿತ್ರಕ್ಕೋಸ್ಕರ ಹವಳ ಮುರಿಯುವುದು ನನಗಾಗದ ಮಾತು.

ಇನ್ನು ವಿಮಾನ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು, 100 ವ್ಯಾಟ್ ಅವರ್ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಹೌಸಿಂಗ್ ಮತ್ತು ಡೋಮನ್ನು ಲಗೇಜಿಗೆ ಹಾಕಲು ಮನಸ್ಸು ಬರುವುದಿಲ್ಲ. ಅವೂ ಕೈಚೀಲಕ್ಕೆ. ಆಮೇಲೆ ನನ್ನ ಬಟ್ಟೆ ಎಲ್ಲಿಗೆ? ಎರಡು ಪ್ರವಾಸ ಇಡೀ ಎರಡೇ ಟೀ ಶರ್ಟಿನಲ್ಲಿ ಕಳೆದಿದ್ದೇನೆ. ಮೂರನೇ ಪ್ರವಾಸಕ್ಕೆ ಕ್ಯಾಮೆರಾ ಮನೆಯಲ್ಲೇ ಬಿಟ್ಟು ಹೋದೆ. ಆಗ ಅರ್ಥವಾಯ್ತು.

ಅಗಲಕಣ್ಣು:
ಕಡಲ್ಗುದುರೆ ಅಕ್ಕ, ನೀವು ಮ್ಯಾಕ್ರೋದವರು. ನಾನು ವೈಡ್‌ನವನು. ನಿಮಗೆ ಅಡ್ಡ ಬಂದದ್ದು ನನಗೆ ಅಡ್ಡ ಬರಲ್ಲ.

ಕಡಲ್ಗುದುರೆ:
ಅದನ್ನೇ ಹೇಳಿದ್ದು ತಮ್ಮಾ. ಉಪ್ಪುನೀರು ಅವರು ಯಾವ ಕಡೆಯವರು ಅಂತ ಇನ್ನೂ ಹೇಳಿಲ್ಲ.

ಓರಿಂಗ್:
ಕ್ಯಾಮೆರಾ ಮಾತು ಸಾಕಷ್ಟಾಯ್ತು. ನಾನು ಹೌಸಿಂಗ್ ಬಗ್ಗೆ ಕೇಳುತ್ತೇನೆ. ಎಂಟು ವರ್ಷದಲ್ಲಿ ಒಮ್ಮೆಯಾದರೂ ಪೂರ್ತಿ ಸರ್ವಿಸ್ ಆಗಿದೆಯಾ? ನಾವು ಒರೆಸಿ ಗ್ರೀಸ್ ಹಚ್ಚುವುದು ನೀರು ತಡೆಯುವ ರಬ್ಬರ್ ಉಂಗುರಕ್ಕೆ, ಅಂದರೆ ಮುಖ್ಯ ಓ-ರಿಂಗ್‌ಗೆ ಮಾತ್ರ. ಪ್ರತಿ ಗುಂಡಿಯ ಒಳಗೂ ಒಂದು ಪುಟ್ಟ ಓ-ರಿಂಗ್ ಇದೆ. ಉಪ್ಪು ಅಲ್ಲಿ ಹರಳುಗಟ್ಟಿ ಕೂರುತ್ತದೆ. ಗುಂಡಿ ಒತ್ತಿದಾಗ ಮರಳಿ ಬರಲು ತಡವಾಗುತ್ತಿದ್ದರೆ ಅದು ಉಪ್ಪಿನ ಕೆಲಸ.

ನನ್ನ ಒಂದು ಕ್ಯಾಮೆರಾ ಹೋದದ್ದು ಓ-ರಿಂಗ್‌ನಿಂದಲೇ. ಎಲ್ಲಿ ಅಂತೀರಿ? 30 ಮೀಟರ್‌ನಲ್ಲಲ್ಲ. ಮೂರು ಮೀಟರ್‌ನಲ್ಲಿ. ಆಳಕ್ಕೆ ಹೋದಂತೆ ಪ್ರತಿ 10 ಮೀಟರ್‌ಗೆ ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ, ಆ ಒತ್ತಡವೇ ಓ-ರಿಂಗನ್ನು ಬಿಗಿಯಾಗಿ ಕೂರಿಸುತ್ತದೆ. ಮೇಲ್ಗಡೆ ಆ ಬಿಗಿ ಇರುವುದಿಲ್ಲ. ಓ-ರಿಂಗ್‌ನಲ್ಲಿ ಒಂದು ಕೂದಲೆಳೆ ಸಿಕ್ಕಿಕೊಂಡಿತ್ತು, ಅಷ್ಟೇ. ಆಮೇಲಿಂದ ವ್ಯಾಕ್ಯೂಮ್ ಪಂಪ್ ಇಲ್ಲದೆ ಇಳಿದಿಲ್ಲ. ಹೌಸಿಂಗ್ ಒಳಗಿನ ಗಾಳಿ ಎಳೆದು ಅರ್ಧ ಗಂಟೆ ಇಡುತ್ತೇನೆ. ಸೋರಿಕೆ ತೋರಿಸುವ ದೀಪ ಹಸಿರಾಗೇ ಇದ್ದರೆ ನೀರಿಗೆ. ನಿಮ್ಮದರಲ್ಲಿ ಅದಿದೆಯಾ?

ಉಪ್ಪುನೀರು:
ಎಲ್ಲರಿಗೂ ಒಂದೊಂದಾಗಿ.

ಓರಿಂಗ್ ಅವರೇ, ಸರ್ವಿಸ್ ಒಮ್ಮೆಯೂ ಆಗಿಲ್ಲ. ಬೈಯಬೇಡಿ. ವ್ಯಾಕ್ಯೂಮೂ ಇಲ್ಲ.

ಇರುಳುಮುಳುಗು ಅವರೇ, ಫೋಕಸ್ ದೀಪ ಅಂತ ಬೇರೆ ಇಲ್ಲ. ಸ್ಟ್ರೋಬ್‌ನಲ್ಲೇ ಇರುವ ಮಿಣುಕು ದೀಪ.

ಹಳೇರೀಲು ಸರ್, ನೀವು ಕೊಟ್ಟ ಕೆಲಸ ಮಾಡಿದೆ. ಎರಡು ಸಂಜೆ ಬೇಕಾಯ್ತು. ಬರೆಯುವಾಗಲೇ ನಗು ಬಂತು. ಅರ್ಧಕ್ಕಿಂತ ಜಾಸ್ತಿ ಚಿತ್ರಗಳ ಮುಂದೆ "ಬೆಳಕು" ಅಥವಾ "ಕಸ" ಅಂತ ಬರೆದಿದ್ದೇನೆ. ನೀರಲ್ಲಿರುವ ಕಣಗಳೆಲ್ಲ ಹಿಮ ಬಿದ್ದಂತೆ ಬೆಳಗಿವೆ. ಆಮೇಲೆ "ದೂರ". ಮೀನು ಚೆನ್ನಾಗಿದೆ, ಆದರೆ ಸಾಸಿವೆಕಾಳಿನಷ್ಟಿದೆ, ಬಣ್ಣವೆಲ್ಲ ನೀಲಿಯಲ್ಲಿ ಮುಳುಗಿದೆ. "ಬಾಲ" ಕೂಡ ಕಡಿಮೆಯೇನಿಲ್ಲ. ಹಳೇ ಸ್ಟ್ರೋಬ್ ತಯಾರಾಗುವವರೆಗೆ ಕಾದು ತೆಗೆದವು ಅವು. "ಫೋಕಸ್" ನಾನು ಅಂದುಕೊಂಡಷ್ಟಿಲ್ಲ. ಇರುವುದೆಲ್ಲ ಸಂಜೆಯ ಮತ್ತು ರಾತ್ರಿಯ ಡೈವ್‌ನದ್ದು.

ಕಡಲ್ಗುದುರೆ ಅವರೇ, ಇಟ್ಟುಕೊಂಡ ಚಿತ್ರಗಳನ್ನೂ ನೋಡಿದೆ. ಮೂರರಲ್ಲಿ ಎರಡು ಪಾಲು ಮ್ಯಾಕ್ರೋ. ನಾನು ವೈಡ್‌ನವನು ಅಂತಲೇ ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದೆ.

ಹಳೇರೀಲು:
ನೀವು ಪ್ರಾಮಾಣಿಕರು. ಎಷ್ಟೋ ಜನ ಈ ಕೆಲಸ ಅರ್ಧಕ್ಕೇ ಬಿಡುತ್ತಾರೆ.

ಕಸದ ವಿಷಯ ಹೇಳಿಬಿಡುತ್ತೇನೆ. ಸ್ಟ್ರೋಬ್‌ಗಳನ್ನು ಡೋಮ್‌ಗಿಂತ ಹಿಂದಕ್ಕೆ, ಹಿಡಿಗಳ ಸಾಲಿಗೆ ಎಳೆಯಿರಿ. ಮುಖ ಸ್ವಲ್ಪ ಹೊರಗೆ ತಿರುಗಲಿ. ಬೆಳಕು ಬಿಚ್ಚಿದ ಕೊಡೆಯಂತೆ ಹರಡುತ್ತದಲ್ಲ, ಅದರ ಅಂಚು ಮಾತ್ರ ಮೀನಿಗೆ ತಾಗಬೇಕು. ಲೆನ್ಸಿಗೂ ಮೀನಿಗೂ ನಡುವಿನ ನೀರು ಕತ್ತಲಾಗಿಯೇ ಇರಬೇಕು. ಅಲ್ಲಿ ಬೆಳಕು ಬಿದ್ದರೆ ಪ್ರತಿ ಕಣವೂ ಮಿಂಚುತ್ತದೆ. ಇದು ಓದಿದರೆ ಬರುವುದಲ್ಲ. ಒಂದು ಡೈವ್ ಪೂರ್ತಿ ಒಂದೇ ಕಲ್ಲಿನ ಮುಂದೆ ಕೂತು ಸ್ಟ್ರೋಬ್ ಜರುಗಿಸುತ್ತಾ ತೆಗೆಯಿರಿ. ಜೊತೆಯವರು ಹುಚ್ಚ ಅಂದುಕೊಳ್ಳಲಿ.

ದೂರದ ವಿಷಯವೂ ಇದೇ. ನೀರು ಮೊದಲು ತಿನ್ನುವುದು ಕೆಂಪನ್ನು. 5 ಮೀಟರ್ ದಾಟುವಷ್ಟರಲ್ಲಿ ಅದು ಮಂಕಾಗಿರುತ್ತದೆ. ಸ್ಟ್ರೋಬ್ ಇದೆಯಲ್ಲ ಅನ್ನಬೇಡಿ. ಆ ಬೆಳಕು ಮೀನಿನವರೆಗೆ ಹೋಗಿ ವಾಪಸ್ ಬರಬೇಕು. ಎರಡೂ ದಾರಿಯಲ್ಲಿ ನೀರು ಸುಂಕ ವಸೂಲಿ ಮಾಡುತ್ತದೆ. ಒಂದು ಮೀಟರ್‌ಗಿಂತ ದೂರ ಇದ್ದರೆ ನಾನು ಗುಂಡಿ ಮುಟ್ಟುವುದೇ ಇಲ್ಲ.

1893ರಲ್ಲಿ ಫ್ರಾನ್ಸಿನ ಲೂಯಿ ಬೂತಾನ್ ನೀರೊಳಗೆ ಚಿತ್ರ ತೆಗೆದಾಗಲೂ ದೊಡ್ಡ ತಲೆನೋವು ಬೆಳಕೇ. 1926ರಲ್ಲಿ ಲಾಂಗ್ಲಿ ಮತ್ತು ಮಾರ್ಟಿನ್ ನೀರೊಳಗಿನ ಮೊದಲ ಬಣ್ಣದ ಚಿತ್ರಗಳಿಗಾಗಿ ಮೇಲೆ ತೇಲುವ ತೆಪ್ಪದಲ್ಲಿ ಮೆಗ್ನೀಸಿಯಂ ಪುಡಿಯನ್ನೇ ಸಿಡಿಸಿದರು. ನಮಗೆ ಆರ್ಮ್ ಜರುಗಿಸಿದರೆ ಸಾಕು.

ಅಗಲಕಣ್ಣು:
ಹೀಗೇ ಹೇಳುತ್ತಾ ಹೋದರೆ ಯಾರೂ ಯಾವತ್ತೂ ಏನೂ ಕೊಳ್ಳಬಾರದು, ಅಲ್ವಾ? "ನಿನ್ನ ಕೈ ಸರಿಯಿಲ್ಲ, ಕ್ಯಾಮೆರಾ ಸರಿಯಿದೆ" ಅನ್ನುವ ಉಪದೇಶ ನನಗೂ ಬಂದಿತ್ತು. ಹೊಸ ಕ್ಯಾಮೆರಾ ಬಂದ ಮೇಲೆ ನಾನು ಜಾಸ್ತಿ ಡೈವ್ ಮಾಡಿದೆ. ಜಾಸ್ತಿ ಮಾಡಿದ್ದಕ್ಕೇ ಕೈ ಪಳಗಿತು. ಹುಮ್ಮಸ್ಸಿಗೂ ಬೆಲೆ ಇದೆ.

ಅದಲ್ಲದೆ 2015ರ ಕ್ಯಾಮೆರಾ ಇವತ್ತಲ್ಲ ನಾಳೆ ಕೈ ಕೊಡುತ್ತದೆ. ಆಗ ಆ ಹೌಸಿಂಗ್ ಒಳ್ಳೇ ಪೇಪರ್‌ವೇಟ್.

ಹಳೇರೀಲು:
ಕೊನೇ ಮಾತು ಒಪ್ಪಿದೆ. ಹುಮ್ಮಸ್ಸಿನ ಮಾತನ್ನೂ ಅರ್ಧ ಒಪ್ಪಿದೆ.

ಗುಳ್ಳೆಲೆಕ್ಕ:
ನಡುವಿನ ದಾರಿ ಒಂದಿದೆ. ಅದೇ ಮೌಂಟ್ (ಲೆನ್ಸ್ ಕೂರುವ ಬಾಯಿ), ಹೊಸ ಬಾಡಿ. ಮೈಕ್ರೋ ಫೋರ್ ಥರ್ಡ್ಸ್‌ನಲ್ಲೇ ಬೇಗ ಹಿಡಿಯುವ ಫೇಸ್ ಡಿಟೆಕ್ಷನ್ ಫೋಕಸ್ ಇರುವ 20 ಮೆಗಾಪಿಕ್ಸೆಲ್ ಬಾಡಿಗಳಿವೆ. 2016ರ ಒಲಿಂಪಸ್ ಇ-ಎಂ1 ಮಾರ್ಕ್ 2 ಇದೆ, 2022ರ ಒಎಂ-1 ಇದೆ. ನಿಮ್ಮ 60 ಎಂಎಂ, 8 ಎಂಎಂ ಎರಡೂ ಹಾಗೇ ಕೂರುತ್ತವೆ. ಹೌಸಿಂಗ್ ಅದೇ ತಯಾರಕರದ್ದಾಗಿದ್ದು ಪೋರ್ಟ್ ಅಳತೆ ಒಂದೇ ಇದ್ದರೆ ಡೋಮೂ ಫ್ಲ್ಯಾಟ್ ಪೋರ್ಟೂ ಉಳಿಯುತ್ತವೆ. ಬದಲಾಗುವುದು ಬಾಡಿ ಮತ್ತು ಹೌಸಿಂಗ್ ಮಾತ್ರ. ಬಾಗಿಲು ಬದಲಿಸಿದರೂ ಗೋಡೆ ಒಡೆಯಬೇಕಿಲ್ಲ.

ಮ್ಯಾಕ್ರೋದವರಿಗೆ ಫುಲ್ ಫ್ರೇಮ್ ಬೇಡ ಅನ್ನಲು ನನಗಿರುವ ಕಾರಣವೂ ಇದೇ. ಮೂರರಲ್ಲಿ ಎರಡು ಪಾಲು ಚಿತ್ರಗಳಲ್ಲಿ ನೀವು ಹೇಗೂ ಅಪರ್ಚರ್ ಮುಚ್ಚಿಯೇ ತೆಗೆಯುತ್ತೀರಿ. ಎಫ್ 11 ಅಲ್ಲಿ ಎಫ್ 22 ಆಗುತ್ತದೆ. ಕೊನೆಗೆ ಉಳಿಯುವುದು ಮೆಗಾಪಿಕ್ಸೆಲ್ ಮತ್ತು ಕ್ರಾಪ್.

ವೈಡ್‌ಗೆ ಜೂಮ್ ಬೇಕೆನಿಸಿದರೆ ಡಬ್ಲ್ಯುಡಬ್ಲ್ಯುಎಲ್-1ರಂಥ ವೆಟ್ ಲೆನ್ಸ್ ನೋಡಿ. ಸಾಧಾರಣ ಕಿಟ್ ಜೂಮ್‌ನ ಪೋರ್ಟ್ ಮುಂದೆ ನೀರಲ್ಲೇ ಹಾಕಿ ತೆಗೆಯಬಹುದು, 130 ಡಿಗ್ರಿ ನೋಟ. ಮುಂದೆ ಯಾವತ್ತಾದರೂ ಫುಲ್ ಫ್ರೇಮ್‌ಗೆ ಹೋದರೂ ಸೋನಿಯ 28-60ರಂಥ ಪುಟ್ಟ ಜೂಮ್ ಜೊತೆ ಅದು ಕೆಲಸಕ್ಕೆ ಬರುತ್ತದೆ. ದಂಡವಾಗುವುದಿಲ್ಲ.

ಇರುಳುಮುಳುಗು:
ಮೊದಲು ಫೋಕಸ್ ದೀಪ! ದಯವಿಟ್ಟು. ಹಳೇ ಕ್ಯಾಮೆರಾಗೇ ಹಾಕಿ ಒಂದು ರಾತ್ರಿ ಇಳಿಯಿರಿ. ಫೋಕಸ್‌ಗೆ ಬೇಕಾದ್ದು ಬೆಳಕಲ್ಲಿ ಎದ್ದು ಕಾಣುವ ಅಂಚು. ಅದು ಸಿಗದಿದ್ದರೆ ಎಂಥ ಕ್ಯಾಮೆರಾವೂ ತಡಕಾಡುತ್ತದೆ. ಕೆಂಪು ಬೆಳಕಿರುವ ದೀಪವಾದರೆ ಒಳ್ಳೇದು, ಸೀಗಡಿಗಳು ಅಷ್ಟು ಬೇಗ ಬೆದರುವುದಿಲ್ಲ.

ಉಪ್ಪುನೀರು:
ಐದು ವಾರದ ನಂತರ ಬರೆಯುತ್ತಿದ್ದೇನೆ. ತಡವಾಯ್ತು.

ದೀಪ ತಂದೆ. ಅದೇ ಹಳೇ ಕ್ಯಾಮೆರಾ, ಅದೇ ಲೆನ್ಸ್. ರಾತ್ರಿ ಡೈವ್‌ನಲ್ಲಿ ಫೋಕಸ್ ಓಡಾಟ ಪೂರ್ತಿ ನಿಲ್ಲಲಿಲ್ಲ, ಆದರೆ ತುಂಬ ತಗ್ಗಿತು. ಎಂಟು ವರ್ಷ ಕತ್ತಲಲ್ಲಿ ತಡಕಾಡಿಸಿ ಅದಕ್ಕೇ ಬೈದಿದ್ದೇನೆ. ಸ್ಟ್ರೋಬ್ ಹಿಂದಕ್ಕೆ ಎಳೆದು ಒಂದೇ ಕಲ್ಲಿನ ಮುಂದೆ ಕೂತೆ. ಜೊತೆಯವರು ಹುಚ್ಚ ಅಂದುಕೊಂಡರು.

ಹಳೇ ಸ್ಟ್ರೋಬ್ ಬದಲು ಹೊಸ ಜೋಡಿ ಹೇಳಿದ್ದೇನೆ. ಫುಲ್ ಫ್ರೇಮ್ ಸದ್ಯಕ್ಕೆ ಬೇಡ. ಅಗಲಕಣ್ಣು ಅವರೇ, "ಸದ್ಯಕ್ಕೆ" ಅಂದಿದ್ದೇನೆ, ನೋಡಿ. ಅದೇ ಮೌಂಟ್‌ನ ಫೇಸ್ ಡಿಟೆಕ್ಷನ್ ಬಾಡಿ, ಅದರ ಹೌಸಿಂಗ್ ಸಮೇತ, ಬಳಸಿದ್ದು ಒಂದು ಸಿಗುವ ಹಾಗಿದೆ. ನನ್ನ ಪೋರ್ಟ್‌ಗಳು ಕೂರುತ್ತವೆ. ಮಾರುವವರು ಮೂರು ದಿನ ಕೈಗೆ ಕೊಟ್ಟು ನೋಡಲು ಬಿಡುತ್ತಾರೆ. ಏನೇನು ನೋಡಲಿ?

ಓರಿಂಗ್:
ಮೊದಲು ಹೌಸಿಂಗ್ ತೆರೆದು ಒಳಗೆ ಮೂಸಿ ನೋಡಿ. ತಮಾಷೆಯಲ್ಲ. ಒಮ್ಮೆ ಉಪ್ಪುನೀರು ಹೊಕ್ಕ ಹೌಸಿಂಗ್‌ಗೆ ಎಷ್ಟೋ ಸಲ ಬೇರೆಯದೇ ವಾಸನೆ ಉಳಿದಿರುತ್ತದೆ. ಸ್ಕ್ರೂ ತಲೆಗಳಲ್ಲಿ ಹಸಿರು ಅಥವಾ ಬಿಳಿ ಪುಡಿ ಇದೆಯಾ? ಓ-ರಿಂಗ್ ಕೂರುವ ತೋಡಿನಲ್ಲಿ ಉಗುರು ಆಡಿಸಿ, ಗೀರು ತಾಗಿದರೆ ಬೇಡ. ಗುಂಡಿಗಳನ್ನೆಲ್ಲ ಒತ್ತಿ ಬಿಡಿ, ಎಲ್ಲವೂ ಟಪ್ಪನೆ ಮೇಲೆ ಬರಬೇಕು. ಗ್ರೀಸ್ ಆ ತಯಾರಕರು ಹೇಳಿದ್ದೇ ಆಗಬೇಕು. ತಪ್ಪು ಗ್ರೀಸ್ ಓ-ರಿಂಗನ್ನು ಉಬ್ಬಿಸಿಬಿಡುತ್ತದೆ. ಬ್ಯಾಟರಿ ಜಾಗದ ಲೋಹದ ತುದಿಗಳನ್ನು ನೋಡಿ.

ಆಮೇಲೆ ಕ್ಯಾಮೆರಾ ಇಲ್ಲದೆ ಬರೀ ಹೌಸಿಂಗನ್ನು ನೀರಿಗಿಳಿಸಿ. ಒಳಗೆ ಟಿಶ್ಯೂ ಕಾಗದ ಮಡಚಿ ಇಡಿ. ಖಾಲಿ ಹೌಸಿಂಗ್ ತೇಲುತ್ತದೆ, ಡೈವ್ ಭಾರ ಕಟ್ಟಿ. ನೀರೊಳಗೆ ಪ್ರತಿ ಗುಂಡಿಯನ್ನೂ ಹತ್ತತ್ತು ಸಲ ಒತ್ತಿ. ಮೇಲೆ ಬಂದು ಹೊರಗೆ ಪೂರ್ತಿ ಒರೆಸಿದ ಮೇಲೆ ತೆರೆಯಿರಿ, ಇಲ್ಲದಿದ್ದರೆ ನಿಮ್ಮ ಕೈನೀರೇ ಬಿದ್ದು ಸುಮ್ನೆ ಗಾಬರಿ.

ಉಪ್ಪುನೀರು:
ಇವತ್ತು ಈಜುಕೊಳದಲ್ಲಿ ಮಾಡಿದೆ. ಭಾರ ಕಟ್ಟಿ ತಳಕ್ಕೆ ಒಯ್ದು, ಕೂತು ಗುಂಡಿ ಒತ್ತುತ್ತಿದ್ದೆ. ಪಕ್ಕದಲ್ಲಿ ಈಜುತ್ತಿದ್ದ ಹುಡುಗನೊಬ್ಬ ಮೇಲೆ ಬಂದ ಮೇಲೆ ಕೇಳಿದ, "ಅಂಕಲ್, ಅದರೊಳಗೆ ಕ್ಯಾಮೆರಾನೇ ಇಲ್ವಲ್ಲ, ಏನು ತೆಗೀತಿದ್ರಿ?" ಅಂತ.

ಟಿಶ್ಯೂ ಒಣಗೇ ಇದೆ. ಆದರೆ ಐಎಸ್‌ಒ ಗುಂಡಿ ಮೇಲೆ ಬರಲು ಸ್ವಲ್ಪ ತಡ ಮಾಡುತ್ತದೆ. ಸರ್ವಿಸ್‌ಗೆ ಕೊಟ್ಟೇ ತೆಗೆದುಕೊಳ್ಳಲಾ?

ಓರಿಂಗ್:
ಒಂದು ರಾತ್ರಿ ಉಗುರುಬೆಚ್ಚಗಿನ ಸಿಹಿನೀರಲ್ಲಿ ಮುಳುಗಿಸಿಡಿ. ಬೆಳಿಗ್ಗೆ ಮತ್ತೆ ಒತ್ತಿ ನೋಡಿ. ಆಗಲೂ ತಡವಾದರೆ ಸರ್ವಿಸ್ ಖರ್ಚನ್ನು ಮಾರುವವರ ಬೆಲೆಯಲ್ಲಿ ಇಳಿಸಿ ಕೇಳಿ. ಹಾಂ, ನಿಮ್ಮ ಹಳೇ ಹೌಸಿಂಗನ್ನೂ ಅದರ ಜೊತೆಗೇ ಸರ್ವಿಸ್‌ಗೆ ಕಳಿಸಿ. ಎಂಟು ವರ್ಷ ಅಂದಿರಿ ನೀವು. ಓದಿದಾಗಿನಿಂದ ನಿದ್ದೆ ಬಂದಿಲ್ಲ ನನಗೆ.